ಸೂರು ನೋಡುವವರು

ನಮ್ಮ ಊರಿನ ಅಂಗಡಿಗಳ ಸೂರು ಬಹಳ ಚೆಂದ. ಬಟ್ಟೆ ಅಂಗಡಿಯ ಸೂರಿನ ಒಳಮೈಗೆ ಕೊಕ್ಕರೆಗಳ ಸಾಲು ಬರೆಸಿದ್ದಾರೆ, ಪಾತ್ರೆ ಅಂಗಡಿಯದರಲ್ಲಿ ತಾವರೆ ಕೆರೆ, ಔಷಧದ ಅಂಗಡಿಯಲ್ಲಿ ಬರೀ ಮೋಡ. ಪಾಲಾಕ್ಷಪ್ಪನ ಕಿರಾಣಿ ಅಂಗಡಿಯ ಸೂರಿನಲ್ಲಿ ಒಂದು ಇಡೀ ಮಾವಿನ ತೋಪಿದೆ. ಅದರ ಎಲೆಗಳನ್ನು ಎಣಿಸಬಹುದು, ನಾನು ಎಣಿಸಿದ್ದೇನೆ. ಸಾಮಾನು ಕಟ್ಟಿ ಮುಗಿಯುವವರೆಗೆ ಗಿರಾಕಿಗಳೆಲ್ಲ ಕತ್ತೆತ್ತಿ ಅದನ್ನೇ ನೋಡುತ್ತ ನಿಲ್ಲುತ್ತಾರೆ. ಹೊರಗಿನಿಂದ ಬಂದವರು ನಮ್ಮನ್ನು ಬಹಳ ದೈವಭಕ್ತರೆಂದು ತಿಳಿಯುವುದುಂಟು.

ಅದು ಭಕ್ತಿಯಲ್ಲ, ಎಚ್ಚರಿಕೆ. ಯಾರಾದರೂ ಅಂಗಡಿಯಿಂದ ಏನನ್ನಾದರೂ ಎಗರಿಸುವುದನ್ನು ನೋಡಿಬಿಟ್ಟರೆ, ಕದ್ದವರು ಹೊಸಿಲು ದಾಟಿದ ಗಳಿಗೆಗೆ ಸರಿಯಾಗಿ ಆ ವಸ್ತುವಿನ ಭಾರ ಅವರನ್ನು ಬಿಟ್ಟು ನೋಡಿದವರ ಬಲಗೈಗೆ ಬಂದು ಕೂರುತ್ತದೆ. ಕದ್ದವರು ಗಾಳಿ ಹೊತ್ತವರ ಹಾಗೆ ನಡೆದು ಹೋಗುತ್ತಾರೆ. ಇಬ್ಬರು ನೋಡಿದ್ದರೆ ಇಬ್ಬರಿಗೂ ಅರ್ಧರ್ಧ. ಯಾರೂ ನೋಡದೆ ಇದ್ದರೆ ಮಾತ್ರ ಕದ್ದವರ ಭಾರ ಕದ್ದವರಿಗೇ. ವಸ್ತು ಅದರ ಜಾಗಕ್ಕೆ ಮರಳಿದರೆ ಕೈ ಹಗುರಾಗುತ್ತದೆ. ಇಲ್ಲವೇ ಕದ್ದವರ ಹೆಸರನ್ನು ನಾಲ್ಕು ಜನರ ಮುಂದೆ ಹೇಳಬೇಕು. ಆಗ ಇಡೀ ಭಾರ ಒಮ್ಮೆಲೇ ಕದ್ದವರ ಮೇಲೆ ಹೋಗಿ ಬೀಳುತ್ತದೆ. ಆದರೆ ಹಾಗೆ ಹೇಳುವವರು ಕಡಿಮೆ. ಕೊಟ್ರಪ್ಪನೆಂಬವನು ಯಾವಾಗಲೋ ಒಂದು ಪಿಂಡಿ ಬೆಲ್ಲ ಹೊತ್ತುಕೊಂಡು ಹೋಗಿದ್ದನಂತೆ. ಆರು ತಿಂಗಳಾದ ಮೇಲೆ ಊರಿನ ಇನ್ನೊಂದು ತುದಿಯಲ್ಲಿ ಯಾರೋ ಜಗಳದ ಭರದಲ್ಲಿ ಅವನ ಹೆಸರೆತ್ತಿದರು. ಅದೇ ಹೊತ್ತಿಗೆ ಅವನು ಏಣಿ ಹತ್ತುತ್ತಿದ್ದ. ಈಗಲೂ ಕೋಲು ಹಿಡಿದೇ ನಡೆಯುತ್ತಾನೆ.

ಹೊಸಿಲು ದಾಟುವ ಮೊದಲೇ ತಡೆದರೆ ಯಾರಿಗೂ ಯಾವ ಭಾರವೂ ಇಲ್ಲ, ಇದು ಎಲ್ಲರಿಗೂ ಗೊತ್ತು. ಆದರೆ ತಡೆಯಬೇಕಾದರೆ ನಾನು ನೋಡುತ್ತಿದ್ದೆ ಎಂದು ಒಪ್ಪಿಕೊಳ್ಳಬೇಕು. ಅಂಗಡಿಯಲ್ಲಿ ಕಣ್ಣು ಕೆಳಗಿಳಿಸುವುದು ನಮ್ಮಲ್ಲಿ ಬೇರೆಯವರ ಮನೆಯ ಕಿಟಕಿಯಲ್ಲಿ ಇಣುಕಿದಷ್ಟೇ ಅಸಹ್ಯ. ಹಾಗಾಗಿ ನಮ್ಮ ಊರಿನಲ್ಲಿ ಬಲಭುಜ ಜೋತವರು ತುಂಬ ಜನ. ಯಾರೂ ಅದರ ಮಾತೆತ್ತುವುದಿಲ್ಲ. ಹೆಣ್ಣು ನೋಡಲು ಬಂದವರು ಮಾತ್ರ ಹುಡುಗಿಯ ಮುಖವನ್ನು ಆಮೇಲೆ ನೋಡುತ್ತಾರೆ, ಮೊದಲು ಅವಳು ಹಿಡಿದು ತರುವ ಕಾಫಿಯ ತಟ್ಟೆಯನ್ನು ನೋಡುತ್ತಾರೆ. ತಟ್ಟೆ ಬಲಕ್ಕೆ ವಾಲಿದರೆ ತಿಂಡಿ ತಿಂದು, ಚೆನ್ನಾಗಿತ್ತು ಎಂದು ಹೇಳಿ, ಎದ್ದು ಹೋಗುತ್ತಾರೆ. ಏನನ್ನೋ ಕಂಡೂ ಬಾಯಿ ಬಿಡದ ಹುಡುಗಿ ನಾಳೆ ನಮ್ಮ ಮನೆಯಲ್ಲಿ ಏನೇನನ್ನು ಮುಚ್ಚಿಟ್ಟುಕೊಳ್ಳುತ್ತಾಳೋ ಎಂಬ ಅಂಜಿಕೆ ಅವರದು.

ಇಂಥ ಊರಿನಲ್ಲಿ ನನ್ನ ಕೆಲಸವೇ ನೋಡುವುದು. ಬಿ.ಎ. ಮುಗಿಸಿದ ಮೇಲೆ ನೇಕಾರರ ಸಂಘದಲ್ಲಿ ಸೀರೆಗಳನ್ನು ಪರೀಕ್ಷಿಸುವ ಕೆಲಸ ಸಿಕ್ಕಿತು. ಹದಿನೈದು ವರ್ಷದಿಂದ ಬೆಳಕಿಗೆ ಎದುರಾಗಿ ಸೀರೆ ಹರಡಿಕೊಂಡು, ಬಲಗೈಯನ್ನು ಅದರ ಮೇಲೆ ಆಡಿಸುತ್ತ, ತಪ್ಪಿದ ಎಳೆ, ಬಿಟ್ಟುಹೋದ ಗಂಟು ಹುಡುಕುತ್ತೇನೆ. ಕಣ್ಣಿಗೆ ಬಿದ್ದದ್ದನ್ನು ಬಿಟ್ಟುಬಿಡುವುದು ನನಗೆ ಬರುವುದಿಲ್ಲ. ಅದಕ್ಕೇ ಅಂಗಡಿಗೆ ಹೋಗುವುದೆಂದರೆ ನನಗೆ ಅಂಜಿಕೆ. ಎಲೆ ಎಣಿಸುವ ಅಭ್ಯಾಸ ಬೆಳೆದದ್ದೂ ಅದರಿಂದಲೇ.

ಆ ಮಂಗಳವಾರ ನಾನು ಇನ್ನೂರ ಹನ್ನೊಂದನೆಯ ಎಲೆಯ ಹತ್ತಿರ ಇದ್ದೆ. ಪಾಲಾಕ್ಷಪ್ಪ ಸ್ಟೂಲು ಹತ್ತಿ ಮೇಲಿನ ಡಬ್ಬಿಯಿಂದ ನನಗಾಗಿ ಗಸಗಸೆ ತೆಗೆಯುತ್ತಿದ್ದ. ಪಕ್ಕದಲ್ಲಿ ದಾಕ್ಷಾಯಣಕ್ಕ ನಿಂತಿದ್ದರು. ನಮ್ಮ ಬೀದಿಯವರೇ. ಅರ್ಧ ಊರಿಗೆ ರವಿಕೆ ಹೊಲಿಯುವವರು ಅವರು. ಬಲಭುಜದ ಒಳಗೆ ಹತ್ತಿ ಇಟ್ಟು, ಜೋತ ಭುಜ ಸಮನಾಗಿ ಕಾಣುವಂತೆ ಹೊಲಿಯುವುದು ಅವರೊಬ್ಬರಿಗೇ ಬರುತ್ತದೆ. ಯಾರ ರವಿಕೆಗೆ ಎಷ್ಟು ಹತ್ತಿ ಎಂಬುದನ್ನು ಅವರು ಈವರೆಗೆ ಒಬ್ಬರ ಹತ್ತಿರವೂ ಆಡಿದವರಲ್ಲ. ಆಗ ಸೂರಿನ ಒಂದು ಎಲೆಯಿಂದ ಹಸಿರು ಬಣ್ಣದ ಚಕ್ಕೆಯೊಂದು ಕಳಚಿಕೊಂಡಿತು. ಅದು ತಿರುಗುತ್ತ ತಿರುಗುತ್ತ, ತನಗೆ ಯಾವ ಅವಸರವೂ ಇಲ್ಲವೆಂಬಂತೆ ಇಳಿಯಿತು. ನನ್ನ ಕಣ್ಣೂ ಅದರ ಜೊತೆಗೇ ಇಳಿಯಿತು. ಚಕ್ಕೆ ಹೋಗಿ ತಕ್ಕಡಿಯ ಪಕ್ಕದಲ್ಲಿ ಬಿತ್ತು. ಅಲ್ಲಿ ದಾಕ್ಷಾಯಣಕ್ಕನ ಕೈ ಎರಡು ಕೆ.ಜಿ. ತೂಕದ ಕಲ್ಲನ್ನು, ಆ ಕಬ್ಬಿಣದ ಬಟ್ಟನ್ನು, ಎತ್ತಿ ಸೆರಗಿನೊಳಗೆ ಇಟ್ಟುಕೊಳ್ಳುತ್ತಿತ್ತು.

ಅವರಿಗೂ ಹೊಸಿಲಿಗೂ ನಡುವೆ ನಾಲ್ಕು ಹೆಜ್ಜೆ ಇತ್ತು. ನನಗೆ ಸಮಯವಿತ್ತು, ಅದನ್ನು ನಾನು ಒಪ್ಪಿಕೊಳ್ಳಲೇಬೇಕು. ನಾನು ಮಾತು ಜೋಡಿಸುತ್ತಿದ್ದೆ. ‘ಅಕ್ಕಾ, ಏನೋ ಕೈತಪ್ಪಿ ಬಂದ ಹಾಗಿದೆ’ ಎನ್ನಲೇ? ಅದರಲ್ಲಿ ಕುಹಕ ಇಣುಕುತ್ತದೆ. ‘ಅಕ್ಕಾ, ಒಂದು ನಿಮಿಷ’ ಎಂದರೆ? ಆ ನಿಮಿಷದಲ್ಲಿ ಮುಂದೇನು ಹೇಳುವುದು? ಅವರಿಗೆ ನೋವಾಗದ, ನನಗೆ ಮುಜುಗರವಾಗದ ಒಂದು ವಾಕ್ಯ ಇನ್ನೇನು ಸಿಕ್ಕಿತು ಎನ್ನುವಾಗ ಅವರ ಎಡಗಾಲು ಹೊಸಿಲಿನ ಆಚೆ ಇತ್ತು. ನನ್ನ ಬಲಗೈ ಜಗ್ಗಿತು. ಗಸಗಸೆ ಪೊಟ್ಟಣವನ್ನು ಎಡಗೈಯಲ್ಲಿ ತೆಗೆದುಕೊಂಡೆ. ಪಾಲಾಕ್ಷಪ್ಪ ಅದನ್ನು ಗಮನಿಸಿದಂತೆ ತೋರಲಿಲ್ಲ. ಅವನೂ ಎಡಗೈಯಲ್ಲೇ ಕೊಟ್ಟಿದ್ದ.

ಮನೆಗೆ ಬಂದು ಕೈಯನ್ನು ಮೇಜಿನ ಮೇಲೆ ಇಟ್ಟುಕೊಂಡು ಕುಳಿತೆ. ಒಂದು ವಿಚಿತ್ರ ಕಾಡತೊಡಗಿತು. ಸಂಘದಲ್ಲಿ ನೂಲಿನ ಕಂತೆಗಳನ್ನು ದಿನವೂ ಎತ್ತುವವಳು ನಾನು, ಒಂದು ಕೆ.ಜಿ. ಎಂದರೆ ಎಷ್ಟು ಎಂಬುದು ನನ್ನ ಕೈಗೆ ಗೊತ್ತು. ನನ್ನ ಕೈಯಲ್ಲಿ ಇದ್ದದ್ದು ಒಂದೇ ಕೆ.ಜಿ. ಉಳಿದರ್ಧ ಎಲ್ಲಿ ಹೋಯಿತು? ಅಂಗಡಿಯಲ್ಲಿ ನಾವು ಮೂವರೇ ಇದ್ದೆವು. ಯೋಚಿಸಿ ಯೋಚಿಸಿ, ಇದೂ ನನ್ನ ಆತಂಕದ ಇನ್ನೊಂದು ರೂಪವಿರಬೇಕೆಂದು ಕೈಬಿಟ್ಟೆ.

ಮರುದಿನ ಸಂಘದಲ್ಲಿ ನನ್ನ ಬೆರಳು ಒಂದು ಸೀರೆಯ ಸೆರಗಿನಲ್ಲಿ ಎರಡು ಎಳೆ ಜಗ್ಗಿಬಿಟ್ಟಿತು. ಗುರುವಾರ ಇನ್ನೊಂದರಲ್ಲಿ ಮೂರು. ತಪ್ಪು ಹುಡುಕಬೇಕಾದ ಕೈಯೇ ತಪ್ಪು ಮಾಡುತ್ತಿತ್ತು. ಕಾರ್ಯದರ್ಶಿಗಳು ನನ್ನನ್ನು ಕರೆದು, ಬೈಯದೆ, ಅದಕ್ಕೇ ನನಗೆ ಹೆಚ್ಚು ಭಯವಾದದ್ದು, ಸೋಮವಾರದಿಂದ ಬೇಕಾದರೆ ದಾಸ್ತಾನು ಕೋಣೆಯಲ್ಲಿ ಕುಳಿತುಕೊಳ್ಳಿ ಎಂದರು. ದಾಸ್ತಾನು ಕೋಣೆಗೆ ಕಿಟಕಿ ಇಲ್ಲ. ಅಲ್ಲಿ ನೋಡಲು ಏನೂ ಇಲ್ಲ. ನಾಲ್ಕು ಜನರ ಮುಂದೆ ಒಂದು ಹೆಸರು ಹೇಳಿದರೆ ಮುಗಿಯುತ್ತಿತ್ತು. ಅಲ್ಲೇ ಹೊರಗೆ ನಾಲ್ಕು ಜನ ನೂಲು ಸುತ್ತುತ್ತಿದ್ದರು. ಆದರೆ ದಾಕ್ಷಾಯಣಕ್ಕ ಆ ಗಳಿಗೆಯಲ್ಲಿ ಎಲ್ಲಿರುತ್ತಾರೋ, ನೀರಿನ ಕೊಡ ಹೊತ್ತು ಮೆಟ್ಟಿಲು ಇಳಿಯುತ್ತಿರುತ್ತಾರೋ, ಮಷಿನ್ನಿನ ಸೂಜಿಯ ಕೆಳಗೆ ಬೆರಳಿರುತ್ತದೋ. ನಾನು ಬಾಯಿ ಮುಚ್ಚಿಕೊಂಡು ಬಂದೆ.

ಸಂಜೆ ದಾಕ್ಷಾಯಣಕ್ಕನೇ ನಮ್ಮ ಮನೆಗೆ ಬಂದರು, ಕೊರಳಿಗೆ ಟೇಪು ಹಾಕಿಕೊಂಡು. ಒಂದು ತುಂಡು ಒಳ್ಳೆಯ ಬಟ್ಟೆ ಉಳಿದಿದೆ, ನಿನಗೆ ರವಿಕೆ ಆಗುತ್ತದೆ, ಅಳತೆ ಕೊಡು ಎಂದರು. ಎರಡು ದಿನದಿಂದ ಅವರು ಊರಿನ ಹೆಂಗಸರಿಗೆಲ್ಲ ಹೀಗೇ ಅಳತೆ ತೆಗೆಯುತ್ತಿದ್ದಾರೆಂದು ಆಮೇಲೆ ತಿಳಿಯಿತು. ನನ್ನ ಎಡಭುಜ ಅಳೆದರು. ಬಲಭುಜ ಅಳೆದರು. ಮತ್ತೆ ಎಡಭುಜ ಅಳೆದರು. ಟೇಪು ಹಿಡಿದ ಅವರ ಬೆರಳು ನನ್ನ ಬಲಭುಜದ ಮೇಲೆ ಹಾಗೆಯೇ ನಿಂತಿತು.

“ಹೋದ ವರ್ಷ ಸಮ ಇತ್ತು,” ಎಂದರು. ಟೇಪು ಇಳಿಸಿ, “ನೋಡಿದ್ದು ನೀನೇನೇ ಮಂದಾ?” ಎಂದರು.

ನಾನು ಹೂಂ ಎಂದೆ. ಅವರು ನನ್ನ ಮಂಚದ ಮೇಲೆ ಕುಳಿತು ಸೆರಗಿನಿಂದ ಬಟ್ಟು ತೆಗೆದರು. ಕಬ್ಬಿಣದ ಅಷ್ಟು ದೊಡ್ಡ ಬಟ್ಟು ಅವರ ಅಂಗೈಯ ಮೇಲೆ ಒಣಗಿದ ಎಲೆಯ ಹಾಗೆ ಇತ್ತು. ಕಿಟಕಿಯ ಗಾಳಿಗೆ ಅದು ಒಂದಿಷ್ಟು ಜರುಗಿತು ಕೂಡ.

ವಿಷಯ ಇಷ್ಟು. ಅವರ ಮಗಳು ಕುಮುದಾಳನ್ನು ನೋಡಲು ಶುಕ್ರವಾರ ಬೆಳಿಗ್ಗೆ ಗಂಗಾಂಬಿಕಮ್ಮ ಮಗನೊಂದಿಗೆ ಬರುವವರಿದ್ದರು. ಕುಮುದಾ ಒಂಬತ್ತು ವರ್ಷದವಳಿದ್ದಾಗಿನಿಂದ ಅವಳ ಬಲಗೈಯಲ್ಲಿ ಎರಡು ಕೆ.ಜಿ. ಇದೆ. ಯಾರದು, ಏನು ಎಂದು ಎಷ್ಟು ಕೇಳಿದರೂ ಅವಳು ಹೇಳಿದವಳಲ್ಲ. ಹತ್ತಿ ಇಟ್ಟರೆ ಭುಜ ಸಮನಾಗಿ ಕಾಣುತ್ತದೆ, ತಟ್ಟೆ ಸಮನಾಗುವುದಿಲ್ಲ. ಮೂರು ಸಂಬಂಧ ತಟ್ಟೆಯಲ್ಲೇ ಹೋದವು. ಎಡಗಡೆಗೂ ಎರಡು ಕೆ.ಜಿ. ಕಟ್ಟಿದರೆ ಸಮನಾದೀತು ಎಂದು ತಾಯಿಗೆ ಹೊಳೆಯಿತು. ನಮ್ಮದು ಮೆಕ್ಕಲು ಮಣ್ಣಿನ ಊರು, ಒಂದು ಗುಂಡುಕಲ್ಲು ಬೇಕೆಂದರೂ ಸಿಕ್ಕುವುದಿಲ್ಲ. ಮರಳಿನ ಚೀಲ ಹೊಲಿದು ಎಡತೋಳಿಗೆ ಕಟ್ಟಿ ನೋಡಿದರಂತೆ. ಹುಡುಗಿ ಗೋಣಿ ಹೊತ್ತ ಹಾಗೆ ಕಂಡಳಂತೆ, ಸಾಲದ್ದಕ್ಕೆ ಕೂತಲ್ಲೆಲ್ಲ ಮರಳು ಉದುರಿತಂತೆ. ಚಿಕ್ಕದಾಗಿ, ಭಾರವಾಗಿ, ತೋಳಿನಡಿ ಅಡಗುವಂಥದ್ದು ಎಂದರೆ ಬಟ್ಟು. ಅದನ್ನು ಕೊಂಡು ತರುವಂತಿಲ್ಲ. ಅಂಗಡಿ ಇಲ್ಲದವರು ಬಟ್ಟು ಕೊಂಡರೆ ಯಾಕೆಂದು ನಮ್ಮ ಊರಿನಲ್ಲಿ ಹಸುಗೂಸಿಗೂ ಗೊತ್ತಾಗುತ್ತದೆ. ಹಾಗಾಗಿ ಯಾರೂ ನೋಡದಂತೆ ಎತ್ತಿಕೊಂಡು ಬಂದರು. ಮನೆಗೆ ಬಂದು ಮಗಳ ಎಡಗೈಗೆ ಇಟ್ಟರೆ, ಭಾರವೇ ಇಲ್ಲ. ಯಾರೋ ನೋಡಿದ್ದಾರೆ ಎಂದು ಆಗ ತಿಳಿಯಿತು.

“ಮಗಳು ನಕ್ಕುಬಿಟ್ಲು ಕಣೆ,” ಎಂದರು ದಾಕ್ಷಾಯಣಕ್ಕ. “ಅವಳು ನಕ್ಕು ಎಷ್ಟು ದಿನ ಆಗಿತ್ತೋ. ಅಮ್ಮಾ, ಇದನ್ನ ಕಟ್ಕೊಂಡ್ರೆ ನಾನು ಹಾರಿಹೋಗ್ತೀನಿ ಅಂದ್ಲು.”

ಆಮೇಲೆ ಅವರು ಕೇಳಿದ್ದು ನಾನು ನಿರೀಕ್ಷಿಸಿದ್ದಲ್ಲ. ಹೆಸರು ಹೇಳಬೇಡ ಎಂದು ಬೇಡಿಕೊಳ್ಳಲಿಲ್ಲ. ಮರೆತುಬಿಡು ಎಂದರು. ನಾಳೆ ಬೆಳಿಗ್ಗೆವರೆಗೆ ಸಾಕು, ನೀನು ಮರೆತರೆ ಭಾರ ಬಟ್ಟಿಗೆ ಬರುತ್ತದೆ, ಅವರು ಬಂದು ಹೋದ ಮೇಲೆ ಬೇಕಾದರೆ ನೆನಪು ಮಾಡಿಕೋ. ನಾನು ನಿಜವಾಗಿ ಪ್ರಯತ್ನಿಸಿದೆ. ಕಣ್ಣು ಮುಚ್ಚಿ ಕುಳಿತು, ಅವರ ಕೈ, ಬಟ್ಟು, ಸೆರಗು ಒಂದೊಂದನ್ನೇ ಅಳಿಸಲು ನೋಡಿದೆ. ಒಂದು ಎಳೆಯನ್ನೂ ಬಿಡದೆ ನೋಡಿ ಅಭ್ಯಾಸವಾದ ಕಣ್ಣು. ಅಳಿಸಲು ಹೋದಂತೆ ಅವರ ಸೆರಗಿನ ಅಂಚಿನಲ್ಲಿದ್ದ ಹಳದಿ ಗೆರೆಯೂ ನೆನಪಿಗೆ ಬಂತು, ಕೈಬಳೆಯ ಮೇಲಿನ ಗೀರೂ ನೆನಪಿಗೆ ಬಂತು. ದಾಕ್ಷಾಯಣಕ್ಕ ಬಟ್ಟನ್ನು ಮತ್ತೆ ಮತ್ತೆ ಎತ್ತಿ ನೋಡಿ, “ಇನ್ನೂ ಇಲ್ಲ,” ಎನ್ನುತ್ತಿದ್ದರು.

“ಅಕ್ಕಾ, ಇದು ಆಗುವುದಿಲ್ಲ,” ಎಂದೆ. ಮಂಗಳವಾರ ಅಂಗಡಿಯಲ್ಲಿ ಹುಡುಕಿದ್ದ ವಾಕ್ಯ ಆಗ ತಾನಾಗಿ ಬಂತು. ಅದರಲ್ಲಿ ವಿಶೇಷವೇನೂ ಇರಲಿಲ್ಲ. “ಬನ್ನಿ, ವಾಪಸ್ ಇಟ್ಟು ಬರೋಣ. ನಾನೂ ಬರ್ತೀನಿ.”

ಹೊತ್ತು ಇನ್ನೂ ಮುಳುಗಿರಲಿಲ್ಲ. ಪಾಲಾಕ್ಷಪ್ಪ ಒಬ್ಬನೇ ಇದ್ದ. ನಾವು ಒಳಗೆ ಕಾಲಿಟ್ಟದ್ದೇ ತಡ, ಅವನು ಕತ್ತೆತ್ತಿ ತನ್ನ ಮಾವಿನ ತೋಪನ್ನು ನೋಡತೊಡಗಿದ. ನಾನು ನೋಡಲಿಲ್ಲ. ದಾಕ್ಷಾಯಣಕ್ಕನ ಜೊತೆ ನಿಂತು ಅವರ ಕೈಯನ್ನೇ ನೋಡುತ್ತಿದ್ದೆ. ಅವರು ಬಟ್ಟನ್ನು ತೆಗೆದು, ಹಕ್ಕಿಯ ಮೊಟ್ಟೆ ಇಡುವವರ ಹಾಗೆ, ತಕ್ಕಡಿಯ ತಟ್ಟೆಯ ಮೇಲೆ ಇಟ್ಟರು. ಒಂದು ಕ್ಷಣ ತಟ್ಟೆ ಅಲುಗಲಿಲ್ಲ. ಆಮೇಲೆ ಠಣ್ ಎಂದು ಕೆಳಗೆ ಕೂತಿತು. ನನ್ನ ಕೈ ತನ್ನಷ್ಟಕ್ಕೆ ಮೇಲೆದ್ದಿತು. ಅದೇ ಗಳಿಗೆಗೆ ಪಾಲಾಕ್ಷಪ್ಪನ ಬಲಗೈಯೂ ಮೇಲೆದ್ದಿತು. ಅವನು ಅದನ್ನು ಎಡಗೈಯಲ್ಲಿ ತಿಕ್ಕಿಕೊಳ್ಳುತ್ತ, ಸೂರಿನಿಂದ ಕಣ್ಣು ತೆಗೆಯದೆ, “ಉಸ್ಸಪ್ಪ,” ಎಂದ.

ಉಳಿದರ್ಧ ಎಲ್ಲಿತ್ತೆಂದು ನನಗೆ ಆಗ ತಿಳಿಯಿತು. ನಿನ್ನ ಅಂಗಡಿ, ನಿನ್ನ ಬಟ್ಟು, ನೀನಾದರೂ ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದೆ.

“ಸ್ಟೂಲ್ ಮೇಲಿದ್ದೆ ಮೇಡಂ. ಸೂರಿನ ಹತ್ರ ಇದ್ದೋನಿಗೆ ಸೂರು ಎಲ್ಲಿ ಕಾಣುತ್ತೆ, ಕೆಳಗಿರೋದೇ ಕಾಣೋದು,” ಎಂದ ಅವನು. “ಅಕ್ಕಾರು ಎತ್ಕೊಂಡಿದ್ದು ಕಾಣ್ತು. ನೀವು ನೋಡ್ತಾ ಇದ್ದಿದ್ದೂ ಕಾಣ್ತು. ಓದಿದೋರು, ಅವ್ರೇ ಏನಾದ್ರೂ ಹೇಳ್ತಾರೆ ಅಂತ ನಾನು ಸುಮ್ನಾದೆ.”

ಅವನು ದಾಕ್ಷಾಯಣಕ್ಕನ ಕಡೆ ತಿರುಗಿ, ಬಟ್ಟು ಯಾಕೆ ಬೇಕಿತ್ತೆಂದು ಕೇಳಲಿಲ್ಲ. ನಾಳೆ ಕಾಫಿಗೆ ಬೆಲ್ಲ ಬೇಕೋ ಸಕ್ಕರೆಯೋ ಎಂದು ಕೇಳಿದ. ಅವರು ಸಕ್ಕರೆ ಎಂದರು. ಬಾಗಿಲು ದಾಟುವಾಗ ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಬಟ್ಟು ಹೋಯಿತು, ಮಗಳ ತಟ್ಟೆ ಇನ್ನು ವಾಲುವುದೇ ಸರಿ. ನಾಳೆ ನೀನೂ ಬಾ, ಒಬ್ಬಳಿಗೇ ನೋಡಲು ಆಗುವುದಿಲ್ಲ ಎಂದು ನನ್ನ ಕೈ ಹಿಡಿದುಕೊಂಡರು.

ಶುಕ್ರವಾರ ಬೆಳಿಗ್ಗೆ ಅವರ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿತ್ತು. ಗಂಗಾಂಬಿಕಮ್ಮ ದೊಡ್ಡ ಆಳಿನ ಹೆಂಗಸು, ಬಲಭುಜದ ಮೇಲೆ ಸೆರಗನ್ನು ಎರಡು ಸುತ್ತು ಹೊದ್ದು ಕುಳಿತಿದ್ದರು. ಅವರ ರವಿಕೆಯನ್ನು ಹೊಲಿದವರು ಯಾರೆಂದು ನನಗೆ ಗೊತ್ತಿತ್ತು. ಪಕ್ಕದಲ್ಲಿ ಮಗ, ತನ್ನ ಉಗುರುಗಳನ್ನು ನೋಡಿಕೊಳ್ಳುತ್ತಿದ್ದ. ಮಾತು ಸೆಕೆಯ ಬಗ್ಗೆ, ಹೊಳೆಯ ನೀರಿನ ಬಗ್ಗೆ ಹೋಗಿ ನಿಂತಿತು. ಒಳಗಿನಿಂದ ಲೋಟಗಳ ಸದ್ದು ಬಂತು.

ಕುಮುದಾ ಬಾಗಿಲಿಗೆ ಬಂದಳು. ಎರಡೂ ಕೈಯಲ್ಲಿ ಹಿಡಿದ ತಟ್ಟೆ ಬಲಕ್ಕೆ ವಾಲಿತ್ತು. ಐದು ಲೋಟಗಳು ಕೂಡಿಕೊಂಡು ಬಲದ ಅಂಚಿಗೆ ನಿಧಾನವಾಗಿ ಜಾರತೊಡಗಿದವು. ತಡೆಯಲು ಅವಳು ಮೈಯನ್ನೆಲ್ಲ ಎಡಕ್ಕೆ ಬಾಗಿಸಿದ್ದಳು. ಪಡಸಾಲೆಯಲ್ಲಿದ್ದವರೆಲ್ಲ ಒಬ್ಬರಾದ ಮೇಲೊಬ್ಬರು ಕತ್ತೆತ್ತಿ ಸೂರು ನೋಡಿದರು. ಆ ಮನೆಯ ಸೂರಿಗೆ ಯಾವ ಚಿತ್ರವೂ ಇರಲಿಲ್ಲ, ಬರೀ ಬಿದಿರಿನ ಗಳುಗಳು. ಆದರೂ ನೋಡಿದರು. ದಾಕ್ಷಾಯಣಕ್ಕ ಕೂಡ ನೋಡಿದರು. ಅವಳಿಂದ ನಮ್ಮ ಚಾಪೆಗೆ ನಾಲ್ಕು ಹೆಜ್ಜೆ.

ನಾನು ಈ ಸಲ ಮಾತು ಹುಡುಕಲಿಲ್ಲ. ಎದ್ದು ಹೋಗಿ ಅವಳ ಬಲಕ್ಕೆ ನಿಂತು, ತಟ್ಟೆಯ ಕೆಳಗೆ, ಅವಳ ಕೈಯ ಕೆಳಗೆ, ನನ್ನ ಕೈ ಕೊಟ್ಟೆ. ಲೋಟಗಳು ನಿಂತವು. ಅವಳ ಕೈ ಬಿಸಿಯಾಗಿತ್ತು. ಹದಿನಾಲ್ಕು ವರ್ಷ ಅದರ ಕೆಳಗೆ ಯಾರೂ ಕೈ ಕೊಟ್ಟಿರಲಿಲ್ಲ. ಇಬ್ಬರೂ ಹಾಗೆಯೇ ನಡೆದು ಬಂದು ತಟ್ಟೆಯನ್ನು ಚಾಪೆಯ ನಡುವೆ ಇಳಿಸಿದೆವು. ಒಂದು ತೊಟ್ಟೂ ಚೆಲ್ಲಲಿಲ್ಲ.

ಗಂಗಾಂಬಿಕಮ್ಮ ಕಣ್ಣು ಇಳಿಸಿ ಮೊದಲು ನನ್ನನ್ನು, ಆಮೇಲೆ ಹುಡುಗಿಯನ್ನು ನೋಡಿದರು. ಈಗ ಎದ್ದು ಹೋಗುತ್ತಾರೆ ಅಂದುಕೊಂಡೆ. “ಏನು ನೋಡ್ದ್ಯವ್ವ ನೀನು?” ಎಂದರು ಅವರು. ನಮ್ಮ ಊರಿನಲ್ಲಿ ಯಾರೂ ಇನ್ನೊಬ್ಬರನ್ನು ಕೇಳದ ಪ್ರಶ್ನೆ ಅದು. ದನಿಯಲ್ಲಿ ಸಿಟ್ಟಿರಲಿಲ್ಲ.

ಕುಮುದಾ ನನ್ನ ಕೈ ಬಿಟ್ಟಿರಲಿಲ್ಲ. ಹಾಗೆಯೇ ನನ್ನ ಪಕ್ಕ ಕೂತು ಹೇಳಿದಳು. ಅಜ್ಜಿಯ ಜೊತೆ ಪಾತ್ರೆ ಅಂಗಡಿಗೆ ಹೋಗಿದ್ದು. ಎಲ್ಲರೂ ತಾವರೆ ಕೆರೆ ನೋಡುತ್ತಿದ್ದುದು. ತಾನು ಚಿಕ್ಕವಳು, ಅಜ್ಜಿಯ ಸೊಂಟದ ಎತ್ತರಕ್ಕೆ ಇದ್ದುದರಿಂದ ಕತ್ತೆತ್ತಿದರೂ ಕಂಡದ್ದು ಅಜ್ಜಿಯ ಕೈ. ಹಲ್ಲಿಲ್ಲದ ಅಜ್ಜಿಗೆ ಎಲೆಅಡಿಕೆ ಕುಟ್ಟಲು ಒಂದು ಹಿತ್ತಾಳೆಯ ಕುಟ್ಟಾಣಿ ಬೇಕೆಂದು ಬಹಳ ದಿನದ ಆಸೆ. ಎಷ್ಟೋ ಸಲ ಬಾಯಿಬಿಟ್ಟು ಕೇಳಿ, ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳದೆ, ಸುಮ್ಮನಾಗಿದ್ದಳು. ಕುಟ್ಟಾಣಿ ಸೀರೆಯ ಮಡಿಕೆಯೊಳಗೆ ಹೋದದ್ದು. ಹೊಸಿಲು ದಾಟಿದ ಮೇಲೆ ಅಜ್ಜಿ ಮೊಮ್ಮಗಳ ಬಲಗೈ ಹಿಡಿದುಕೊಂಡು, ಯಾಕೆ ಇಷ್ಟು ಜಗ್ಗುತ್ತೀಯಾ ಎಂದು ಕೇಳಿ, ತಕ್ಷಣ ಅರ್ಥವಾಗಿ, ಬೀದಿಯಲ್ಲೇ ನಿಂತುಬಿಟ್ಟದ್ದು. ಮರಳಿ ಕೊಡಲು ನಾಚಿಕೆ. ಆ ವರ್ಷವೇ ಅಜ್ಜಿ ತೀರಿಕೊಂಡಳು. “ಅವಳಿಗೆ ಪ್ರೀತಿ ಅಂತ ಅವಳ ಎಲೆಅಡಿಕೆ ಚೀಲನ ಬಿಚ್ಚದೆ ಅವಳ ಜೊತೆಗೇ ಮಣ್ಣಿಗಿಟ್ರು ಅಮ್ಮ, ಕುಟ್ಟಾಣಿ ಅದರೊಳಗಿತ್ತು,” ಎಂದಳು. “ಸತ್ತವರ ಹೆಸರು ಹೇಳಿದ್ರೆ ಗೋರಿ ಕುಸಿಯುತ್ತೆ ಅಂತಾರೆ. ಅಜ್ಜಿ ಮೇಲೆ ಮಣ್ಣು ಬೀಳುತ್ತಲ್ಲ ಅಂತ ಹೇಳಲಿಲ್ಲ.” ಆಮೇಲೆ ಮೆಲ್ಲಗೆ, “ಸಿದ್ದಲಿಂಗಮ್ಮ ಅಂತ, ನಮ್ಮಜ್ಜಿ,” ಎಂದಳು.

ಅವಳು ಅದನ್ನು ಎಷ್ಟು ವಿವರವಾಗಿ ಹೇಳಿದಳೆಂದರೆ ನಾವೆಲ್ಲರೂ ಆ ಕೈಯನ್ನು, ಆ ಮಡಿಕೆಯನ್ನು, ಕುಟ್ಟಾಣಿಯ ಹೊಳಪನ್ನು ನೋಡಿಬಿಟ್ಟೆವು. ಭಾರ ಹೊರಟಿತು. ಅದು ಅಜ್ಜಿಯನ್ನು ಹುಡುಕಿಕೊಂಡು ಹೋಗಿರಬೇಕು. ಒಂದು ಉಸಿರಿನಷ್ಟು ಹೊತ್ತು ಯಾರ ಕೈಯಲ್ಲೂ ಏನೂ ಇರಲಿಲ್ಲ. ಅಜ್ಜಿ ಸಿಗದೆ ಮರಳಿ ಬಂದು, ಈಗ ನೋಡಿದವರಿಗೆಲ್ಲ ಹಂಚಿಹೋಯಿತು. ನನ್ನ ಬಲಗೈ ಒಂಚೂರು ತಗ್ಗಿತು. ಎದುರಿಗೆ ಹುಡುಗನ ಕೈ ತಗ್ಗಿತು, ಅವನು ಬೆಚ್ಚಿ ಅದನ್ನು ನೋಡಿಕೊಂಡ. ದಾಕ್ಷಾಯಣಕ್ಕನದು ತಗ್ಗಿತು. ಕುಮುದಾಳದು ಮೇಲೆದ್ದಿತು, ಅವಳು ಅದನ್ನು ಮುಖದ ಹತ್ತಿರ ತಂದು, ಬೇರೆ ಯಾರದೋ ಕೈ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿದಳು.

ಗಂಗಾಂಬಿಕಮ್ಮ ತಮ್ಮ ಅಂಗೈಯನ್ನು ಮೇಲೆ ಮಾಡಿ, ಅದರಲ್ಲಿ ಬಂದು ಕೂತದ್ದನ್ನು ಎರಡು ಸಲ ತೂಗಿ ನೋಡಿದರು. ಸುಲಿದ ತೆಂಗಿನಕಾಯಿಯಷ್ಟು ಇತ್ತು ಅಷ್ಟೆ.

“ಇಷ್ಟೇನಾ?” ಎಂದರು.

ಅವರು ಅಭ್ಯಾಸಬಲದಿಂದ ಒಮ್ಮೆ ಸೂರು ನೋಡಿದರು. ಆಮೇಲೆ ಬಲಭುಜದ ಮೇಲಿನ ಸೆರಗಿನ ಸುತ್ತನ್ನು ಒಂದೊಂದಾಗಿ ಬಿಚ್ಚಿ ಮಡಿಲಿಗೆ ಇಳಿಸಿಕೊಂಡರು. ಹತ್ತಿ ತುಂಬಿದ ಆ ಭುಜ ರವಿಕೆಯೊಳಗೆ ದಿಂಬಿನ ಹಾಗೆ ಉಬ್ಬಿತ್ತು.

“ನಂದೂ ಒಂದಿದೆ,” ಎಂದರು. “ಇದಕ್ಕಿಂತ ಜಾಸ್ತಿ ಇದೆ. ನಮ್ಮನೆಯವ್ರು ಹೋಗಿ ಹನ್ನೆರಡು ವರ್ಷ ಆಯ್ತು. ಹೇಳ್ಲಾ?”

ಕಾಫಿ ಆರುತ್ತಿತ್ತು. ನಾವು ನಾಲ್ವರೂ ಚಾಪೆಯ ಮೇಲೆ ಸ್ವಲ್ಪ ಹತ್ತಿರಕ್ಕೆ ಸರಿದು ಕುಳಿತು, ಬಲಗೈಗಳನ್ನು ಮಡಿಲಿನಲ್ಲಿ ಬಿಚ್ಚಿ ಇಟ್ಟುಕೊಂಡೆವು.